ಅವರ ಮಂಗಳವಾರ

ಸಾರಕ್ಕಿ, ಜೆ.ಪಿ. ನಗರ
೧೭ ಆಗಸ್ಟ್ ೨೦೨೫, ಭಾನುವಾರ

ನನ್ನ ಜೋರು ಮಗಳು ಸೌಮ್ಯಳಿಗೆ ಅಮ್ಮನ ಪ್ರೀತಿ.

ಬನಶಂಕರಿ ಏನು ದೂರದ ದೇಶವಲ್ಲ, ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ಎದುರಿಗೆ ಹೇಳಲು ಹೊರಟರೆ ನಾನು ಅಳುತ್ತೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಬೈದುಕೋ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬರುವ ಭಾನುವಾರ ವಿಲ್ಸನ್ ಗಾರ್ಡನ್ನಿನಲ್ಲಿ ಹನುಮಯ್ಯ ಎನ್ನುವವರ ನುಡಿನಮನ ಇದೆ. ನೀನು ನನ್ನ ಜೊತೆ ಬರಬೇಕು, ನನ್ನ ಪಕ್ಕದಲ್ಲಿ ಕೂರಬೇಕು. ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ. ಅವರು ಯಾರು ಎಂದು ನೀನು ಕೇಳುತ್ತೀಯ. ನಿನ್ನ ದೆಸೆಯಿಂದಲೇ ಪರಿಚಯವಾದವರು, ನಿನಗೆ ಮಾತ್ರ ಗೊತ್ತಿಲ್ಲ.

ನಿಮ್ಮಜ್ಜಿಯ ಮರೆವು ನನಗೂ ಬಂದೀತು ಎಂದು ಹೆದರಿ, ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಒಂದು ಟ್ಯಾಬ್ ತಂದುಕೊಟ್ಟೆಯಲ್ಲ. ಆರೋಗ್ಯವಾಗಿರುವ ಹಿರಿಯರ ಮಿದುಳಿಗೆ ಆನ್‌ಲೈನ್ ತರಬೇತಿ ಎಂದೆ. ರೋಗವೇ ಇಲ್ಲದವಳಿಗೆ ಮದ್ದು ಯಾಕೆ ಎಂದು ನಾನು ನಕ್ಕಿದ್ದೆ. ತೆರೆಯ ಮೇಲೆ ಒಂದು ಹಕ್ಕಿ ಕಂಡು ಮಾಯವಾಗುವುದು, ಅದು ಎಲ್ಲಿತ್ತೆಂದು ನಾನು ಬೆರಳಿಡುವುದು. ಮೂರು ಮನೆ ಬಾಡಿಗೆದಾರರನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡ ಸಾರಕ್ಕಿ ಗೌಡರ ಮನೆ ಹೆಂಗಸು ನಾನು, ಬೆಳಗಾಗೆದ್ದು ಹಕ್ಕಿ ಹುಡುಕುತ್ತ ಕೂತಿದ್ದೆ.

ಅದರಲ್ಲಿ ಜೋಡಿ ಅಭ್ಯಾಸ ಎಂದು ಒಂದಿತ್ತು. ಪಾಠ ಮಾಡುವ ಹುಡುಗಿ ಪ್ರೇರಣಾ ಇಬ್ಬಿಬ್ಬರನ್ನು ಜೊತೆ ಮಾಡುತ್ತಿದ್ದಳು. ನಮ್ಮ ದಿನ ಹೇಗೆ ಕಳೆಯಿತೆಂದು ಜೊತೆಗಾರರಿಗೆ ಹೇಳಬೇಕು. ಅವರು ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಮಗೇ ಒಪ್ಪಿಸಬೇಕು. ನನಗೆ ಸಿಕ್ಕಿದವರು ಹನುಮಯ್ಯ. ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಪ್ರಮೋದ್, ಸೊಸೆ ಕಲ್ಯಾಣಿಯ ಜೊತೆ ಇದ್ದರು. ಮೊದಲ ದಿನ ಕ್ಯಾಮೆರಾ ತಿರುಗಿಸಲು ಬಾರದೆ ಅರ್ಧ ಗಂಟೆ ತಮ್ಮ ಫ್ಯಾನು ತೋರಿಸಿದರು.

ಮೊದಲ ವಾರ ನಾನು ಹಿತಕಿದ ಬೇಳೆ ಸಾರಿನ ಕಥೆ ಹೇಳಿದ್ದೆ. ಮುಂದಿನ ಸಲ ಅವರು ಒಪ್ಪಿಸಿದರು. ‘ಮೇಡಂ ಒಗ್ಗರಣೆ ಸೀದೋಯ್ತು. ಇನ್ನೊಂದ್ಸಲ ಹಾಕುದ್ರು. ಸಾರು ಸಖತ್ತಾಗಿ ಬಂತು. ಆದ್ರೆ ಊಟ ಮಾಡ್ಲಿಲ್ಲ.’ ಊಟ ಮಾಡಲಿಲ್ಲ ಎಂದು ನಾನು ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದರೆ, ‘ಸಾರಿನ ಬಗ್ಗೆ ಅಷ್ಟೊತ್ತು ಹೇಳಿದ್ರಿ, ತಟ್ಟೆ ಬಗ್ಗೆ ಹೇಳ್ಲೇ ಇಲ್ಲವಲ್ಲ’ ಎಂದರು. ಅವತ್ತು ಟ್ಯಾಬ್ ಮುಚ್ಚಿ ಅತ್ತುಬಿಟ್ಟೆ. ನೀನು ದಿನಾ ಫೋನ್ ಮಾಡುತ್ತೀಯ, ಇಲ್ಲ ಎನ್ನುವುದಿಲ್ಲ. ಬಿಪಿ ಮಾತ್ರೆ ಆಯಿತಾ, ಟ್ರೈನಿಂಗ್ ಆಯಿತಾ ಎಂದು ಕೇಳುತ್ತೀಯ. ನಿಮ್ಮಪ್ಪ ಹೋದ ಮೇಲೆ ನನ್ನ ದಿನವನ್ನು ಯಾರೂ ತಮ್ಮ ಹತ್ತಿರ ಇಟ್ಟುಕೊಂಡಿರಲಿಲ್ಲ ಸೌಮ್ಯ. ಇದು ದೂರಲ್ಲ, ನನಗೆ ಹಾಗನಿಸುತ್ತಿತ್ತು.

ಕೋರ್ಸು ಯುಗಾದಿಯ ಹೊತ್ತಿಗೆ ಮುಗಿಯಿತು. ನನ್ನ ಜ್ಞಾಪಕಶಕ್ತಿ ಹೆಚ್ಚಿತೋ ಇಲ್ಲವೋ ಆ ದೇವರಿಗೇ ಗೊತ್ತು. ನಾವಿಬ್ಬರು ಮಾತ್ರ ಅಭ್ಯಾಸ ನಿಲ್ಲಿಸಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವರ ಫೋನು ಬರುತ್ತಿತ್ತು. ಒಂದೆರಡು ಸಲ ಲಾಲ್‌ಬಾಗಿನಲ್ಲಿ ಭೇಟಿಯಾದದ್ದೂ ಉಂಟು. ನಿನ್ನ ದೊಡ್ಡಪ್ಪನಿಗೆ ಅವರು ಯಾವ ಜನ ಎನ್ನುವುದೇ ಮೊದಲ ಪ್ರಶ್ನೆಯಾಗುತ್ತದೆ. ಬುದ್ಧನಿಗೆ ಕೈಮುಗಿಯುವ ಮನೆಯವರು. ಮಿಕ್ಕಿದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳಲಿ.

ಕಳೆದ ಬುಧವಾರ ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದೆ. ಪ್ರೇರಣಾ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದಳು. ಹನುಮಯ್ಯ ಸರ್ ಇನ್ನಿಲ್ಲ, ಹೃದಯಾಘಾತ. ಅದರ ಕೆಳಗೆ ಒಬ್ಬೊಬ್ಬರಾಗಿ ಕೈಮುಗಿಯುವ ಚಿತ್ರ ಕಳಿಸಿದರು. ನಾನೂ ಒಂದು ಕಳಿಸಿದೆ. ಬೇರೇನು ಕಳಿಸಲಿ ಹೇಳು.

ಅವರ ಮನೆಗೆ ಆಟೊ ಹಿಡಿದು ಹೋದೆ. ಅವರನ್ನು ಹಾಲ್‌ನಲ್ಲಿ ಮಲಗಿಸಿದ್ದರು, ಬಿಳಿ ಅಂಗಿ ಹಾಕಿದ್ದರು. ಮಲ್ಲಿಗೆ ಹಾರ ಹಾಕಿ, ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲ ಹತ್ತಿರ ನಿಂತೆ. ಕಲ್ಯಾಣಿ ಬಂದು, ‘ಆಂಟಿ, ನೀವು ಯಾರು ಅಂತ ಗೊತ್ತಾಗ್ಲಿಲ್ಲ’ ಎಂದು ಮೆತ್ತಗೆ ಕೇಳಿದಳು. ‘ಆನ್‌ಲೈನ್ ಕ್ಲಾಸಲ್ಲಿ ಜೊತೇಲಿದ್ದೆ ಕಣಮ್ಮ’ ಎಂದೆ. ಅವಳು ಒಳ್ಳೆಯ ಹುಡುಗಿ, ಕುರ್ಚಿ ಹಾಕಿ ನೀರು ಕೊಟ್ಟಳು. ನೆಂಟರ ಹೆಂಗಸರೆಲ್ಲ ಹತ್ತಿರ ಕೂತು ಅಳುತ್ತಿದ್ದರು. ನಾನು ಕುರ್ಚಿಯ ಮೇಲೆ, ಬ್ಯಾಂಕಿಗೆ ಬಂದವಳ ಹಾಗೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕ್ಲಾಸಿನವಳು ಎಷ್ಟು ಅಳಬಹುದು?

ಆಗ ಪ್ರಮೋದ್ ಯಾರಿಗೋ ಹೇಳುತ್ತಿದ್ದ. ‘ನಾವಿಬ್ರೂ ಡ್ಯೂಟಿಗೆ ಹೋಗಿದ್ವಿ. ರಾತ್ರಿ ಬರೋಷ್ಟ್ರಲ್ಲಿ ಅಪ್ಪ ಮಲಗಿದ್ರು. ಕೊನೇ ದಿನ ಏನ್ ಮಾಡಿದ್ರು, ಊಟ ಮಾಡಿದ್ರಾ ಇಲ್ವಾ, ನಂಗೊತ್ತೇ ಇಲ್ಲ ಅಣ್ಣ’ ಎಂದು ಗೋಡೆಗೆ ಹಣೆ ಒತ್ತಿಕೊಂಡ.

ನನಗೆ ಗೊತ್ತಿತ್ತು. ಮಂಗಳವಾರ ಸಂಜೆಯೇ ನನಗೆ ಎಲ್ಲ ಹೇಳಿದ್ದರು. ಬೆಳಿಗ್ಗೆ, ತಾಯಿಯ ತವರಿಗೆ ಹೋಗಿದ್ದ ಮೊಮ್ಮಗಳ ಬಣ್ಣದ ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿದರು. ಕಲ್ಯಾಣಿ ಡಬ್ಬಿಯಲ್ಲಿಟ್ಟು ಹೋದ ಮುದ್ದೆ, ಬಸ್ಸಾರು ಉಂಡರು, ಸಾರಿಗೆ ಉಪ್ಪು ಕಮ್ಮಿಯಿತ್ತು, ಅವಳಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಮಧ್ಯಾಹ್ನ ಮಗನ ಹಳೆಯ ಬೈಕ್ ಒರೆಸಿಟ್ಟರು. ಅವನು ದಣಿದು ಬರುತ್ತಾನೆ, ಪಾಪ ಎಂದರು. ಇಷ್ಟೂ ನನ್ನ ನಾಲಿಗೆಯ ಮೇಲಿತ್ತು. ಹೇಳಿದರೆ, ಇವಳಿಗೆ ಹೇಗೆ ಗೊತ್ತು ಎನ್ನುವ ಮಾತು ಬರುತ್ತದೆ. ಹೆಣದ ಮುಂದೆ ಅವರ ಮಾನ ಹೋದೀತು ಎಂದು ಎದ್ದು ಬಂದೆ. ಆ ಹುಡುಗನ ಮುಖ ಕಣ್ಣಿಂದ ಹೋಗುತ್ತಿಲ್ಲ.

ನುಡಿನಮನದಲ್ಲಿ ಬಂದವರು ನಾಲ್ಕು ಮಾತು ಆಡಬಹುದಂತೆ. ಅವರ ಮಂಗಳವಾರವನ್ನು ಅವರ ಮಗನಿಗೆ ಒಪ್ಪಿಸಬೇಕು. ಅದು ನನ್ನ ಹತ್ತಿರ ಉಳಿದರೆ ನಾನು ಬದುಕುವುದು ಕಷ್ಟ. ಕಲ್ಯಾಣಿ ಮತ್ತೆ ನೀವು ಯಾರು ಎಂದು ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನೀನು ಪಕ್ಕದಲ್ಲಿದ್ದರೆ ಇವರು ನಮ್ಮಮ್ಮ ಎಂದು ಹೇಳು. ಅಷ್ಟು ಸಾಕು.

ಬರುತ್ತೀಯಾ? ಬರುವುದಿಲ್ಲ ಎಂದಾದರೂ ತಿಳಿಸು. ಸುಮ್ಮನಿರಬೇಡ.

ನಿನ್ನನ್ನು ನೆನೆಯುತ್ತ,
ಅಮ್ಮ
(ವಿಜಯಲಕ್ಷ್ಮಿ)

ಮತ್ತೊಂದು ಮಾತು: ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳುತ್ತೇನೆ. ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನಲ್ಲಿ ಮದುವೆಯ ನೋಟಿಸು ಇದೆ, ಅದರಲ್ಲಿ ಅವರ ಫೋಟೊ, ಪಕ್ಕದಲ್ಲಿ ನನ್ನದು. ಆಕ್ಷೇಪಣೆ ಇದ್ದವರು ತಿಂಗಳೊಳಗೆ ಹೇಳಬೇಕಿತ್ತು, ಯಾರೂ ಹೇಳಲಿಲ್ಲ. ಗಡುವು ಹೋದ ಸೋಮವಾರ ಮುಗಿಯಿತು. ನಿನ್ನನ್ನೂ ಪ್ರಮೋದನನ್ನೂ ಕೂರಿಸಿಕೊಂಡು ಇವತ್ತು ಹೇಳಬೇಕೆಂದಿದ್ದೆವು. ಗುರುವಾರ ಹೋಗಿ ನೋಡಿದೆ, ನೋಟಿಸು ಇನ್ನೂ ತೆಗೆದಿಲ್ಲ. ಗುಮಾಸ್ತ ಗುರುತು ಹಿಡಿದು, ‘ಯಾವತ್ತು ಬರ್ತೀರಾ ಮೇಡಂ, ಡೇಟ್ ಬರ್ಕೊಳ್ಲಾ’ ಎಂದ. ಅವರನ್ನ ಕೇಳಿ ಹೇಳ್ತೀನಿ ಎಂದು ಬಂದೆ.