ಎರಡೆಳೆ ದಾರದ ಕಡತ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಹೆಂಡತಿಯ ಜಠರದಿಂದ ತೆಗೆದ ಗಡ್ಡೆ ಬೇರೆ ಕಡೆ ಹರಡಬಹುದು ಎಂಬ ವರದಿ ಹದಿನಾಲ್ಕು ತಿಂಗಳು ನಿಮ್ಮ ದಾಖಲೆ ಕೋಣೆಯಲ್ಲಿ ಕ್ಷೇಮವಾಗಿತ್ತು. ಅವಳು ಕ್ಷೇಮವಾಗಿರಲಿಲ್ಲ. ಈ ಬಗ್ಗೆ ನಿಮಗೆ ಕೊಟ್ಟ ಮೂರು ಅರ್ಜಿಗಳಿಗೂ ಸ್ವೀಕೃತಿ ಮುದ್ರೆ ಸಿಕ್ಕಿತೇ ಹೊರತು ಉತ್ತರ ಸಿಗಲಿಲ್ಲ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಜಠರದ ಗೋಡೆಯಲ್ಲೇ ಬೆಳೆಯುವ ಸ್ಟ್ರೋಮಲ್ ಗಡ್ಡೆ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನಿಮ್ಮ ಶಸ್ತ್ರವೈದ್ಯರ ಬಾಯಲ್ಲಿ. ಒಳ್ಳೆಯ ಮನುಷ್ಯ, ಒಳ್ಳೆಯ ಕೈ. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದು, ತುಣುಕನ್ನು ಪರೀಕ್ಷೆಗೆ ಕಳಿಸಿದರು. ಆದರೆ ತಮ್ಮಲ್ಲೊಂದು ಘನವಾದ ಪದ್ಧತಿ ಇದೆಯಲ್ಲ: ರೋಗಿ ಮನೆಗೆ ಹೋದ ದಿನವೇ ಕಡತಕ್ಕೆ ‘ಮುಕ್ತಾಯ’ ಮುದ್ರೆ. ಮೂರು ವಾರದ ಮೇಲೆ ಬಂದ ವರದಿಯನ್ನು ಗುಮಾಸ್ತರು ಆ ಮುಗಿದ ಕಡತದೊಳಗೆ ತೂರಿಸಿದರು. ಜೀವಕೋಶಗಳು ಬಿರುಸಾಗಿ ಹೆಚ್ಚುತ್ತಿವೆ, ಹರಡುವ ಅಪಾಯ ಬಹಳ, ಮಾತ್ರೆ ಶುರು ಮಾಡಿ, ಆಗಾಗ ಸ್ಕ್ಯಾನ್ ಮಾಡಿಸಿ ಎಂದಿತ್ತು ಅದರಲ್ಲಿ. ಯಾರಿಗೆ ಹೇಳುತ್ತಿತ್ತು ಅದು? ರಟ್ಟಿಗೇ?

ಇನ್ನು ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮುಗಿದ ಕಡತಗಳನ್ನು ಹೊಲಿದು ರಟ್ಟು ಹಾಕುವ ಬೈಂಡರ್ ನಾನೇ. ಪುಟಸಂಖ್ಯೆ ಮಾತ್ರ ನೋಡು, ಓದಲು ಕೂತರೆ ಸೂಜಿ ನಿಲ್ಲುತ್ತದೆ ಎಂದು ಅಪ್ಪ ಕಲಿಸಿದ ಕಸುಬು. ಹೆಂಡತಿಯ ಕಡತ ಮೇಜಿಗೆ ಬಂದಾಗ ಆ ಮುದ್ರೆ ನೋಡಿ ಹಿಡಿಸಲಾರದಷ್ಟು ಖುಷಿಯಾಯಿತು. ಇದನ್ನು ಬಿಚ್ಚುವ ಪ್ರಮೇಯವೇ ಬಾರದಿರಲಿ ಎಂದು ದಾರಕ್ಕೆ ಮೇಣ ತಿಕ್ಕಿ, ಎರಡೆಳೆ ಹಾಕಿ ಹೊಲಿದೆ. ಮನೆಗೆ ಹೋಗಿ ಜಂಬದಿಂದ ಹೇಳಿದೆ. ಅವಳು ನಕ್ಕಳು.

ಈ ವರ್ಷ ಅವಳಿಗೆ ಊಟ ಸೇರದಾಯಿತು. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಚುಕ್ಕೆಗಳು. ಹೊಸದಾಗಿ ಬಂದ ವೈದ್ಯೆ ಹಳೆಯ ಕಡತ ತರಿಸಿದರು. ಆ ವರದಿಯ ಹಾಳೆ ಅರ್ಧ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಅವರು ಕತ್ತರಿ ಕೊಟ್ಟರು, ನನ್ನ ಹೊಲಿಗೆಯನ್ನು ನಾನೇ ಕತ್ತರಿಸಿದೆ.

“ಈ ಮಾತ್ರೆ ಆಗ್ಲೇ ಶುರು ಮಾಡ್ಬೇಕಿತ್ತಲ್ಲ, ಯಾರೂ ಹೇಳ್ಲಿಲ್ವಾ?” ಎಂದರು.

ಹೆಂಡತಿ ನನ್ನ ಕಡೆ ತಿರುಗಿ, “ಅಷ್ಟು ಗಟ್ಟಿಯಾಗಿ ಯಾಕ್ರೀ ಹೊಲಿದ್ರಿ?” ಎಂದಳು.

ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ಮಾತ್ರೆ ನುಂಗುತ್ತಿದ್ದಾಳೆ, ಸದ್ಯಕ್ಕೆ ಬೆಳೆಯುತ್ತಿಲ್ಲ ಎನ್ನುತ್ತಾರೆ. ಆ ‘ಸದ್ಯಕ್ಕೆ’ಯನ್ನೇ ಹಿಡಿದುಕೊಂಡು ನಾವಿಬ್ಬರೂ ದಿನ ದೂಡುತ್ತಿದ್ದೇವೆ.

ಎಲ್ಲವನ್ನೂ ತಮ್ಮ ತಲೆಗೆ ಕಟ್ಟಿ ನುಣುಚಿಕೊಳ್ಳುವವನಲ್ಲ ನಾನು. ಆದರೆ ಓದದಿರುವುದು ನನ್ನ ಕಸುಬು. ತಮ್ಮದೂ ಅದೇ ಏನು? ಕಳೆದ ವಾರ ತಾವು ಕಳಿಸಿದ ನಲವತ್ತು ಕಡತಗಳು ನನ್ನ ಮೇಜಿನ ಮೇಲಿವೆ. ಈ ಸಲ ಓದಿದೆ. ಪರರ ಕಡತ ಓದಿದ್ದಕ್ಕೆ ಬೇಕಾದ ಕ್ರಮ ಕೈಗೊಳ್ಳಿ. ಮೂರರಲ್ಲಿ ರೋಗಿ ಮನೆಗೆ ಹೋದ ಮೇಲೆ ಬಂದ ವರದಿಗಳಿವೆ, ಒಂದರ ಮೇಲೂ ವೈದ್ಯರ ಸಹಿಯಿಲ್ಲ. ಆ ಮೂವರನ್ನು ಇವತ್ತೇ ಕರೆಸಿ, ಎದುರು ಕೂರಿಸಿಕೊಂಡು ವೈದ್ಯರಿಂದ ವರದಿ ಓದಿಸಿ ಹೇಳಿಸಿ. ವರದಿ ವೈದ್ಯರ ಕಣ್ಣಿಗೂ ರೋಗಿಯ ಕಿವಿಗೂ ಬೀಳುವ ತನಕ ಯಾವ ಕಡತಕ್ಕೂ ಮುಕ್ತಾಯ ಮುದ್ರೆ ಬೇಡ.

ಆ ಮೂರನ್ನು ನಾನು ಹೊಲಿಯುವುದಿಲ್ಲ. ಒಯ್ಯಲು ಜವಾನರನ್ನು ಕಳಿಸಬೇಡಿ, ತಾವೇ ಬನ್ನಿ. ಅಂಗಡಿಯಲ್ಲಿ ಇನ್ನೊಂದು ಸ್ಟೂಲಿದೆ, ಓದಲು ಬೆಳಕೂ ಇದೆ.

ಇಂತಿ,
ಹೆಂಡತಿಯ ಕಡತವನ್ನು ಗಟ್ಟಿಯಾಗಿ ಹೊಲಿದ,
ನಿಮ್ಮ ಬೈಂಡರ್