ಅಪ್ ಫೋರ್

೩ ಆಗಸ್ಟ್ ೧೯೫೩, ಸೋಮವಾರ. ಸಂಜೆ ೪

ಮತ್ತೆ ಥರ್ಮಾಮೀಟರ್. ತೊಂಬತ್ತೊಂಬತ್ತು ಚಿಲ್ಲರೆ. ಸಿಸ್ಟರ್ ಮುಖ ನೋಡಿದರೇ ಗೊತ್ತಾಯಿತು — ಈ ವಾರವೂ 'ಬೆಡ್'. ಊಟ, ಮೈ ಒರೆಸುವುದು, ಎಲ್ಲ ಹಾಸಿಗೆಯಲ್ಲೇ. ಎದ್ದು ಕೂತರೆ ಬೈಗುಳ.

ಕೆಸರೆಯಾಚೆಯ ಈ ಕ್ಷಯದ ಆಸ್ಪತ್ರೆಗೆ ಸೇರಿ ಏಳು ತಿಂಗಳು. ಕಲಿತ ಇಂಗ್ಲಿಷೆಲ್ಲ ಮೇಲಕ್ಕೆ ಹತ್ತುವ ಇಂಗ್ಲಿಷು. ಜ್ವರ ಹೈ, ಜ್ವರ ರೈಸ್ — ಇವು ಕೆಟ್ಟವು. 'ಅಪ್' ಒಳ್ಳೆಯದು. ಅಪ್ ಒನ್ ಅಂದರೆ ದಿನಕ್ಕೆ ಒಂದು ಗಂಟೆ ಎದ್ದು ಓಡಾಡಬಹುದು. ಅಪ್ ಟೂ, ಅಪ್ ತ್ರೀ... ಅಪ್ ಫೋರ್ ಆದವರು ಭಾನುವಾರ ಗೇಟಿನವರೆಗೆ ಹೋಗಬಹುದು. ಆಮೇಲೆ ದಿಬ್ಬದ ಮೇಲಿನ ಅಪ್ಪರ್ ವಾರ್ಡ್. ಅಲ್ಲಿಂದ ಮನೆ. ಹೊರಗಿನವರಿಗೆ ಪ್ರಮೋಷನ್ ಅಂದರೆ ದೊಡ್ಡ ಕುರ್ಚಿ. ನಮಗೆ ಬಚ್ಚಲಿಗೆ ನಡೆದು ಹೋಗುವುದು.

ನನಗೆ ಅಪ್ಪರ್ ವಾರ್ಡ್ ಸದ್ಯಕ್ಕೆ ಬೇಡ. ಗೇಟು ಸಾಕು. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ನನ್ನ ಗಿರಿಜೆ ಪ್ರತಿ ಭಾನುವಾರ ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತಿರುತ್ತಾಳೆ, ನಾದಿನಿಯ ಕೈ ಹಿಡಿದು. ಮೂರು ವರ್ಷದ ಕೂಸು. ಮಂಚದಿಂದ ನನಗೆ ಮರದ ತುದಿ ಮಾತ್ರ ಕಾಣುತ್ತದೆ.

೧೬ ಆಗಸ್ಟ್, ಭಾನುವಾರ

ಯಜಮಾನರು ಬಂದಿದ್ದರು. ದೇವರಾಜ ಮೊಹಲ್ಲಾದ ಅಂಗಡಿಗೆ ಬಾಗಿಲು ಹಾಕಿ, ಜಟಕಾ ಮಾಡಿಕೊಂಡು. ಗಿರಿಜೆ ನನ್ನನ್ನು ಕೇಳುತ್ತಾಳಾ ಅಂದೆ. ಅಮ್ಮ ಅಪ್ ಆದರೆ ಬರುತ್ತಾಳೆ ಅಂತ ಇವರು ಒಂದು ದಿನ ಹೇಳಿದರಂತೆ. ಈಗ ಹಾಲಿನವನನ್ನೂ ಬಿಡುವುದಿಲ್ಲವಂತೆ, "ನಮ್ಮಮ್ಮ ಅಪ್ ಆದ್ಲಾ?" ಅಂತ. ಇಬ್ಬರೂ ನಕ್ಕೆವು. ಇವರು ಹೋದ ಮೇಲೆ ಅತ್ತುಬಿಟ್ಟೆ.

೨೪ ಆಗಸ್ಟ್

ಅಪ್ ಒನ್. ಕಾಲು ನನ್ನವೇ ಅಲ್ಲ ಅನ್ನಿಸಿತು. ಪಕ್ಕದ ಮಂಚದ ಕೆಂಚಮ್ಮ — ಅಪ್ ತ್ರೀ, ವಾರ್ಡಿಗೇ ಸೀನಿಯರ್, ಆ ಜಂಬವೂ ಉಂಟು — ಬಚ್ಚಲವರೆಗೆ ತೋಳು ಕೊಟ್ಟಳು. ಮದುವೆ ಹೆಣ್ಣನ್ನು ಹಸೆಗೆ ಕರೆದೊಯ್ದ ಹಾಗೆ.

೨೮ ಸೆಪ್ಟೆಂಬರ್

ಅಪ್ ತ್ರೀ. ಬರೆಯಲು ಪುರುಸೊತ್ತಿಲ್ಲ, ಓಡಾಡುವುದೇ ಕೆಲಸ. ಇನ್ನೊಂದೇ ಒಂದು.

೭ ಅಕ್ಟೋಬರ್, ಬುಧವಾರ

ನಾಲ್ಕು ದಿನದಿಂದ ಸಂಜೆಯಾದರೆ ಕಣ್ಣುರಿ. ಬೆನ್ನಲ್ಲಿ ಸಣ್ಣ ಚಳಿ. ಇದೇನು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ನಾಳೆ ಡಾಕ್ಟರ್ ರೌಂಡ್ಸ್. ಮತ್ತೆ 'ಬೆಡ್' ಅಂದರೆ ನಾನು ಬದುಕುವುದಿಲ್ಲ.

ಕೆಂಚಮ್ಮ ಹತ್ತಿರ ಬಂದು ಪಿಸುಗುಟ್ಟಿದಳು: "ಹೂಜಿ ನೀರ ಬಾಯಲ್ಲಿ ಇಟ್ಕೊಂಡಿರವ್ವ, ಸಿಸ್ಟರಮ್ಮ ಬರೋಗಂಟ. ನಾನೂ ಮಾಡಿವ್ನಿ, ಬುಡು."

ಇಟ್ಟುಕೊಂಡೆ. ಥರ್ಮಾಮೀಟರ್ ನಾರ್ಮಲ್ ತೋರಿಸಿತು.

೮ ಅಕ್ಟೋಬರ್

ಅಪ್ ಫೋರ್. ಡಾಕ್ಟರ್ ವೆರಿ ಗುಡ್ ಅಂದರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಭಾನುವಾರ ಯಾವ ಸೀರೆ ಉಡಲಿ ಅನ್ನುವುದೇ ಚಿಂತೆ.

೧೧ ಅಕ್ಟೋಬರ್, ಭಾನುವಾರ

ಹೋದೆ.

ಗೇಟಿನಿಂದ ಈಚೆಗೆ ಸುಣ್ಣದ ಗೆರೆ ಎಳೆದಿದ್ದಾರೆ, ನಾವು ಅದರ ಈಚೆಗೇ ನಿಲ್ಲಬೇಕು. ಗೇಟಿನಾಚೆ ಇವರು, ನಾದಿನಿ, ಗಿರಿಜೆ. ಹಸಿರು ಲಂಗ, ಎರಡು ಜಡೆ. ಎಷ್ಟು ಉದ್ದ ಆಗಿದ್ದಾಳೆ... ಮೊದಲು ನಾದಿನಿಯ ಸೆರಗಿನ ಹಿಂದೆ ಅವಿತುಕೊಂಡಳು. ಆಮೇಲೆ ಏನನ್ನಿಸಿತೋ, ಕಾವಲಿನವನು ಬೀಡಿ ಹಚ್ಚಲು ತಿರುಗಿದಾಗ ನುಸುಳಿ ಓಡಿಬಂದಳು. ಗೆರೆ ದಾಟಿ, ನನ್ನ ಕಾಲ ಹತ್ತಿರ. ಎರಡು ಕೈಯನ್ನೂ ಮೇಲೆತ್ತಿ —

"ಅಮ್ಮ, ಎತ್ಕೋ."

ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಎದೆಯಲ್ಲಿ ಕೆಮ್ಮು ಎದ್ದಿತು. ನಾರ್ಮಲ್ ಆಗಿದ್ದು ನೀರು, ನಾನಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡೆ. ಹಿಂದೆ ಸರಿದೆ. ಅವಳು ಮುಂದೆ ಬಂದಳು. "ಬರಬೇಡ" ಅಂದೆ. ಗದರಿಸಿಯೇ ಅಂದೆ. ಎತ್ತಿದ ಕೈ ಇಳಿಸದೆ ಹಾಗೇ ನಿಂತಳು. ಇವರು ಓಡಿಬಂದು ಎತ್ತಿಕೊಂಡು ಹೋದರು. ಹೋಗುವಾಗ ನನ್ನನ್ನು ನೋಡಿದ ನೋಟ... ಕೆಮ್ಮು ಬಿಡಲಿಲ್ಲ, ಏನೂ ಹೇಳಲಾಗಲಿಲ್ಲ.

ಸಂಜೆ ೬

ನೀರು ಮುಟ್ಟಲಿಲ್ಲ. ನೂರರ ಮೇಲೆ. ಸಿಸ್ಟರಿಗೆ ಎಲ್ಲ ಹೇಳಿದೆ, ಕೆಂಚಮ್ಮನ ಹೆಸರೊಂದು ಬಿಟ್ಟು. ಅವರು ಬೈಯಲಿಲ್ಲ. ಚಾರ್ಟಿನಲ್ಲಿ ಅಪ್ ಫೋರ್ ಹೊಡೆದುಹಾಕಿ 'ಬೆಡ್' ಬರೆದರು.

೨೫ ಅಕ್ಟೋಬರ್, ಭಾನುವಾರ

ಕಳೆದ ವಾರ ದಸರಾ ವ್ಯಾಪಾರ, ಬರಲಿಲ್ಲ. ಇವತ್ತು ಇವರೊಬ್ಬರೇ ಬಂದರು. ನೀರಿನ ವಿಷಯ ಹೇಳಿದೆ. ಮಗುವಿಗೆ ಅಂಟಬಾರದು ಅಂತ ಹಿಂದೆ ಸರಿದೆ, ಬೇಡವಾಗಿ ಅಲ್ಲ ಅಂದೆ. ಇವರು ಹೊದಿಕೆಯ ಅಂಚು ಸರಿಮಾಡಿದರು.

ಗಿರಿಜೆಯನ್ನು ಯಾಕೆ ಕರೆತರಲಿಲ್ಲ ಅಂದೆ.  ಅವತ್ತು ಜಟಕಾದಲ್ಲಿ ಅವಳು ಅಳಲೇ ಇಲ್ಲವಂತೆ. ಮನೆ ಹತ್ತಿರ ಬಂದಾಗ ಒಂದೇ ಮಾತು ಕೇಳಿದಳಂತೆ:

"ಅಪ್ಪ, ನಾನು ಭಾರಾನಾ?"

ಅವತ್ತಿನಿಂದ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಬಿಡುತ್ತಾಳಂತೆ. ಇವರು ಗದರಿದರೂ ಇಲ್ಲ, ನಾದಿನಿ ಮುದ್ದು ಮಾಡಿದರೂ ಇಲ್ಲ. ಹಗುರ ಆಗಬೇಕಂತೆ. ಹಗುರ ಆದರೆ ಅಮ್ಮ ಎತ್ತಿಕೊಳ್ಳುತ್ತಾಳಂತೆ.

ಹೇಳಿ ಕಳಿಸಿದೆ — ಹೊಟ್ಟೆ ತುಂಬ ಉಣ್ಣು ಅಂತ ಹೇಳಿ. ತುಪ್ಪ ಹಾಕಿಸಿಕೊಂಡು ಉಣ್ಣಲಿ. ನೀನು ಎಷ್ಟೇ ಭಾರ ಆದರೂ ಅಮ್ಮ ಎತ್ತಿಕೊಳ್ಳುತ್ತಾಳೆ ಅಂತ ಹೇಳಿ.