ನಲವತ್ತು ನಿಮಿಷದ ಏಕವಚನ

ನವೆಂಬರ್ ೩, ಸಂಜೆ ೬

ಮತ್ತೆ ಕಾಲುಚೀಲ ಒಣಗಿಲ್ಲ. ಕಿಟಕಿಯ ಸರಳಿಗೆ ನಾಲ್ಕು ಜೊತೆ ನೇತುಹಾಕಿದ್ದೇನೆ. ಹಾಸ್ಟೆಲ್ ರೂಮಿನ ಅರ್ಧ ನನ್ನದು. ಇನ್ನರ್ಧ — ನಿಜ ಹೇಳಬೇಕೆಂದರೆ ಮುಕ್ಕಾಲು — ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ ಆಡುವ, ಬುಟ್ಟಿಯ ಬುಡ ಕಾಯುವ ಅಕ್ಕನದು. ಆರಡಿ ಮೂರಂಗುಲ. ಎಲ್ಲರೂ ಅವರನ್ನು ‘ಕಂಬ’ ಅಂತಲೇ ಕರೆಯುವುದು. ನನ್ನ ಬಾಯಲ್ಲಿ ಮಾತ್ರ ‘ಅಕ್ಕ’. ನನಗೆ ಹತ್ತೊಂಬತ್ತು, ಅವರಿಗೆ ಮೂವತ್ತಾರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೇ ಅವರು ಟಿವಿಯಲ್ಲಿ ಆಡುತ್ತಿದ್ದರು!

ಜೂನಿಯರ್ ತಂಡದಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಇಲ್ಲಿ ಪ್ರಾಕ್ಟೀಸ್‌ನಲ್ಲೇ ಹಣ್ಣುಗಾಯಿ ನೀರುಗಾಯಿ. ಪಕ್ಕೆ ಇನ್ನೂ ನೋಯುತ್ತಿದೆ. ಆದರೂ ನಾಳೆ ನನ್ನ ಮೊದಲ ಪ್ರೊಫೆಷನಲ್ ಪಂದ್ಯ. ಹಿರಿಯ ಪಾಯಿಂಟ್ ಗಾರ್ಡ್‌ಗೆ ಪಾದ ಉಳುಕಿ ಸೀಸನ್ನೇ ಹೋಯಿತು. ಚೆಂಡು ತರುವುದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು — ಎಲ್ಲ ನನ್ನ ತಲೆಗೆ. ಕೋಚ್ ಮೇಡಂ ಸುತ್ತಿ ಬಳಸಲಿಲ್ಲ.

“ಸೀಸನ್ ಮುಗಿಯೋವರೆಗೆ ನೋಡ್ತೀನಿ. ತಂಡ ನಡೆಸೋಕೆ ಬಂದ್ರೆ ಇರ್ತೀಯ. ಇಲ್ಲಾಂದ್ರೆ ವಾಪಸ್ ಜೂನಿಯರ್‌ಗೆ.”



ನವೆಂಬರ್ ೪

ಸೋತೆವು. ನನ್ನಿಂದಲೇ.

ನವೆಂಬರ್ ೯, ಬೆಳಿಗ್ಗೆ

ಬರೆಯಲು ಮುಖವಿರಲಿಲ್ಲ.

ಚೆಂಡು ಕೈಗೆ ಬಂದ ಮೇಲೆ ಬುಟ್ಟಿಗೆ ಎಸೆಯಲು ಇರುವುದು ಇಪ್ಪತ್ನಾಲ್ಕು ಸೆಕೆಂಡ್. ಅದು ಮೀರಿದರೆ ಚೆಂಡು ಎದುರಾಳಿಗೆ. ಆ ಇಪ್ಪತ್ನಾಲ್ಕರಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನಿನ್ನೆ ವಿಡಿಯೋ ಹಾಕಿ ತೋರಿಸಿದರು. ನನ್ನದೇ ದನಿ, ಜೇನಿನಂಥ ದನಿ: “ಅಕ್ಕ, ಸ್ವಲ್ಪ ಈ ಕಡೆ ಬರ್ತೀರಾ?... ಅಕ್ಕ, ಒಂಚೂರು ಮುಂದೆ ಹೋಗಿ...”

ಹಿಂದಿನ ಸಾಲಿನಿಂದ ಯಾರೋ ಕೂಗಿದರು, “ಕಂಡಕ್ಟ್ರೇ, ನಂಗೊಂದು ಟಿಕೆಟ್!” ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ನನ್ನ ಹೆಸರು ಕಂಡಕ್ಟರ್.

ಕೋಚ್ ನಗಲಿಲ್ಲ. “ನೀನು ‘ಬರ್ತೀರಾ’ ಅನ್ನೋಷ್ಟರಲ್ಲಿ ಆ ಕಡೆಯೋಳು ಚೆಂಡು ಕಿತ್ಕೊಂಡು ಹೋಗಿ ಆಯ್ತು. ಇವತ್ತಿಂದ ಕೋರ್ಟಲ್ಲಿ ಬಹುವಚನ ಬಂದ್. ಬಾ, ಹೋಗು, ನಿಲ್ಲು. ಅಷ್ಟೇ.”

ಹೇಳುವುದು ಸುಲಭ. ಇದು ಅಮ್ಮ ಪಳಗಿಸಿದ ನಾಲಿಗೆ. ಪಕ್ಕದ ಮನೆ ಆಂಟಿಗೆ ‘ಬಾ’ ಅಂದಿದ್ದಕ್ಕೆ ಚಿಕ್ಕಂದಿನಲ್ಲಿ ಬಿದ್ದ ಏಟು ಇನ್ನೂ ಉರಿಯುತ್ತದೆ. ಅಮ್ಮ ಸಿಟ್ಟು ಬಂದರೆ ಬೆಕ್ಕಿಗೂ “ಹೋಗಿ ಆಚೆ” ಅನ್ನುವವಳು.

ನವೆಂಬರ್ ೧೭

ಬಾತ್‌ರೂಮಿನಲ್ಲಿ ಅಭ್ಯಾಸ. ನಲ್ಲಿ ಜೋರಾಗಿ ಬಿಟ್ಟು, ಬಕೆಟ್ಟಿನ ಮುಂದೆ ನಿಂತು — “ಏ ಕಂಬ! ಬಾರೇ ಇಲ್ಲಿ!” ಮೂರನೇ ಸಲಕ್ಕೆ ಚೆನ್ನಾಗಿಯೇ ಬಂತು. ಖುಷಿಯಾಗಿ ಹೊರಗೆ ಬಂದರೆ ಅಕ್ಕ ಮಂಚದ ಮೇಲೆ ಕೂತು ಮೊಣಕಾಲಿಗೆ ಐಸ್ ಕಟ್ಟಿಕೊಳ್ಳುತ್ತಿದ್ದಾರೆ. ತಲೆ ಎತ್ತದೆ ಕೇಳಿದರು:

“ಬಂತಾ ಬಕೆಟ್ಟು?”

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಪ್ಪಾಯ್ತು ಅಕ್ಕ, ಕ್ಷಮಿಸಿ ಅಕ್ಕ... ಅಂತ ತೊದಲಿದೆ.

“ತಪ್ಪೇನೂ ಇಲ್ಲ ಮರಿ. ಬಕೆಟ್ಟಿಗೆ ಕೊಡೋ ಸಲುಗೆ ನಂಗ್ಯಾಕೆ ಕೊಡಲ್ಲ ಅಂತ ಹೊಟ್ಟೆಕಿಚ್ಚು, ಅಷ್ಟೇ. ನೀನು ‘ನೀವು’ ಅಂದಾಗಲೆಲ್ಲ ಈ ಮೊಣಕಾಲಿಗೆ ಇನ್ನೊಂದು ವರ್ಷ ವಯಸ್ಸಾಗತ್ತೆ. ಪಂದ್ಯದ ಆ ನಲವತ್ತು ನಿಮಿಷ ನಂಗೆ ವಯಸ್ಸು ಬೇಡ ಕಣೇ. ಹೊರಗೆ ಬಂದ್ಮೇಲೆ ಬೇಕಾದ್ರೆ ಕಾಲಿಗೆ ಬೀಳು. ಎಲ್ಲಿ, ಈಗ ಹೇಳು, ಬಾ ಅನ್ನು.”

“ಬಾ...” ಅಂದೆ. “...ನ್ನಿ.”

ನಕ್ಕ ರಭಸಕ್ಕೆ ಐಸ್ ಕೆಳಗೆ ಬಿತ್ತು.

ಡಿಸೆಂಬರ್ ೬

ಹೊಸ ಉಪಾಯ. ಕ್ರಿಯಾಪದವೇ ಬೇಡ! “ಅಕ್ಕ, ಎಡ! ಅಕ್ಕ, ಮುಂದೆ!” ಏಕವಚನವೂ ಅಲ್ಲ, ಬಹುವಚನವೂ ಅಲ್ಲ. ಎರಡು ಪಂದ್ಯ ಗೆದ್ದೆವು. ನನ್ನ ಪಾಸ್‌ಗಳನ್ನು ನೋಡಿ ಜನ ಎದ್ದು ನಿಂತರು. ಸದ್ಯಕ್ಕೆ ನನ್ನನ್ನು ಹಿಡಿಯಬೇಡಿ.

ಡಿಸೆಂಬರ್ ೨೦, ಮಧ್ಯಾಹ್ನ

ಮೂಗಿನಲ್ಲಿ ಹತ್ತಿ. ಉಪಾಯಕ್ಕೆ ಮಣ್ಣು ಬಿತ್ತು.

ನಿನ್ನೆ ಕೊನೆಯ ನಿಮಿಷ. “ಅಕ್ಕ, ಎಡ!” ಅಂದೆ. ನನಗೆ ಬೇಕಾಗಿದ್ದು ನನ್ನ ಎಡ. ಅಕ್ಕ ನನಗೆ ಎದುರಾಗಿ ನಿಂತಿದ್ದವರು, ಅವರ ಎಡಕ್ಕೆ ಹೋದರು. ನಾನು ಚೆಂಡು ಹಿಡಿದುಕೊಂಡು ಅಲ್ಲಿಗೇ ನುಗ್ಗುತ್ತಿದ್ದೆ... ಕಂಬಕ್ಕೆ ಡಿಕ್ಕಿ. ಪಂದ್ಯವೂ ಹೋಯಿತು, ಮೂಗೂ ಹೋಯಿತು.

ನನ್ನ ಮೂಗು ಒರೆಸುತ್ತಲೇ ಕೋಚ್ ಬೈದರು. “‘ಬಾ’ ಅಂದಿದ್ರೆ ನಿನ್ ಕಡೆಗೆ ಬರ್ತಿದ್ಳು. ‘ಹೋಗು’ ಅಂದಿದ್ರೆ ಆ ಕಡೆ ಹೋಗ್ತಿದ್ಳು. ಬರೀ ‘ಎಡ’ ಅಂದ್ರೆ ಅವಳೇನು ಕಣಿ ಕೇಳಬೇಕಾ? ಉಳಿದಿರೋದು ಒಂದೇ ಪಂದ್ಯ. ನೀನೇ ಯೋಚ್ನೆ ಮಾಡು.”

ಯೋಚಿಸಲು ಏನಿದೆ? ನನಗೆ ಇಲ್ಲಿಯೇ ಇರಬೇಕು. ಇಷ್ಟು ಆಸೆ ನನಗೆ ಯಾವುದರ ಮೇಲೂ ಆಗಿದ್ದಿಲ್ಲ.

ಜನವರಿ ೯, ಬೆಳಿಗ್ಗೆ ೭

ಇವತ್ತೇ. ಅಮ್ಮ ಫೋನ್ ಮಾಡಿದಳು, ಪಂದ್ಯ ನೋಡಲು ಬರುತ್ತಾಳಂತೆ. ಮೊದಲ ಸಾಲು. ಇದೊಂದು ಬಾಕಿ ಇತ್ತು.

ಜನವರಿ ೧೦, ಬೆಳಿಗ್ಗೆ

ಗೆದ್ದೆವು. ಗೆದ್ದೆವು. ಗೆದ್ದೆವು!

ಕ್ರಮವಾಗಿ ಬರೆಯಬೇಕು. ಒಂದು ಪಾಯಿಂಟ್ ಹಿಂದಿದ್ದೆವು. ಕೊನೆಯ ದಾಳಿ. ಚೆಂಡು ನನ್ನ ಕೈಯಲ್ಲಿ. ಅಕ್ಕ ಬಲಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾರೆ. ನನ್ನ ಎದುರಿನವಳು ಉಸಿರು ತಾಗುವಷ್ಟು ಹತ್ತಿರ. ಗಲಾಟೆಯೋ ಗಲಾಟೆ. ಅಮ್ಮ ಕಾಣಿಸಿದಳು, ಬ್ಯಾಗನ್ನು ಅವುಚಿಕೊಂಡು ಕೂತಿದ್ದಳು. ಆಮೇಲೆ ಅಮ್ಮ ಕಾಣಿಸಲಿಲ್ಲ. ಬೋರ್ಡು, ಬುಟ್ಟಿ, ಎಡಗಡೆಯ ಖಾಲಿ ಜಾಗ, ಅಷ್ಟೇ ಕಂಡಿತು.

“ಏ ಕಂಬಾ! ಬಾರೇ ಇಲ್ಲಿ!”

ನನ್ನ ಗಂಟಲೇ? ಬಂದರು ನೋಡು — ಮೂವತ್ತಾರರ ಮೊಣಕಾಲು ಹದಿನಾರರದ್ದಾಗಿ! ನನ್ನ ಪಕ್ಕ ಗೋಡೆಯಂತೆ ನಿಂತರು, ನನ್ನ ಹಿಂದೆ ಬಿದ್ದವಳು ಅವರಿಗೆ ಬಡಿದು ಹಿಂದುಳಿದಳು. ಅಕ್ಕನನ್ನು ಕಾಯುತ್ತಿದ್ದ ಇಬ್ಬರೂ ನನ್ನ ಮೇಲೆ ಮುಗಿಬಿದ್ದರು. “ಹೋಗೇ!” ಅಂದೆ. ಅಕ್ಕ ಬುಟ್ಟಿಯ ಕಡೆ ತಿರುಗಿದರು. ಇಬ್ಬರ ಕೈಗಳ ಸಂದಿನಿಂದ ಚೆಂಡು ತೂರಿಸಿದೆ. ಹಿಡಿದರು, ಎತ್ತಿದರು, ಹಾಕಿದರು. ಆಮೇಲೆ ಗಂಟೆ.

ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಅಮ್ಮ. ಮುಖ ಕೆಂಪು. “ಏನೇ ಅದು? ಅಷ್ಟು ದೊಡ್ಡೋರಿಗೆ ಬಾರೇ ಹೋಗೇ ಅಂತೀಯಾ? ಊರೆಲ್ಲ ಕೇಳಿಸ್ಕೊಳ್ತು!”

ಅಕ್ಕ ಬಗ್ಗಿ ಅಮ್ಮನ ಎರಡೂ ಕೈ ಹಿಡಿದುಕೊಂಡರು. “ಅವಳು ಬನ್ನಿ ಅಂದಿದ್ರೆ ನಾನಿನ್ನೂ ಅಲ್ಲೇ ನಿಂತಿರ್ತಿದ್ದೆ ಅಮ್ಮ.”

ಅಮ್ಮ ಕತ್ತೆತ್ತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಾಗಾ... ಸರಿಯಾಗಿ ಕೇಳಿಸ್ತಾ ನಿಮಗೆ? ಇವಳದ್ದು ಮೊದಲಿಂದ್ಲೂ ಸಣ್ಣ ಗಂಟಲು.”

ಹಿಂದಿನಿಂದ ಕೋಚ್ ನನ್ನ ತಲೆಯ ಮೇಲೊಂದು ಮೊಟಕಿದರು. “ಕಂಡಕ್ಟರ್, ಮುಂದಿನ ಸೀಸನ್ನೂ ಬಸ್ಸು ನಿಂದೇ.”

ಅತ್ತುಬಿಟ್ಟೆ. ಅಮ್ಮನ ಸೆರಗಿನಲ್ಲೇ ಮೂಗು ಒರೆಸಿದೆ.

ಜನವರಿ ೧೧, ಬೆಳಿಗ್ಗೆ ೮

ರಜೆಗೆ ಮನೆಗೆ. ಬ್ಯಾಗ್ ತುಂಬಿಸಿದ್ದಾಯಿತು, ಕಾಲುಚೀಲ ಇನ್ನೂ ಒದ್ದೆ. ಹೊರಗಿನಿಂದ ಅಕ್ಕ ಕೂಗಿದರು, “ಮರಿ, ಆಟೋ ಬಂತು, ಏನ್ ಬರೀತಿದೀಯ ಇನ್ನೂ?”

“ನೀನು ನಡಿಯೇ, ಬಂದೆ!” ಅಂದೆ.

ಅಂದುಬಿಟ್ಟೆ. ಕೋರ್ಟೂ ಅಲ್ಲ, ಬಕೆಟ್ಟೂ ಅಲ್ಲ. ಕಾರಿಡಾರಿನಲ್ಲಿ ನಗು. ಕಟ್ಟಡವೆಲ್ಲ ಕೇಳಿಸುವಂಥ ನಗು. ಬಾಗಿಲು ತಳ್ಳಿಕೊಂಡು ಒಳಗೇ ಬರುತ್ತಿದ್ದಾಳೆ, ಈ ಪುಸ್ತಕ ಕಿತ್ತುಕೊಳ್ಳಲು ಕೈ ಚಾಚಿ —